ವಿಮಾನ ನಿಲ್ದಾಣಕ್ಕೆ ಎಷ್ಟು ಕಾರು? ಲೆಕ್ಕಕ್ಕೆ ಸಿಗದ ಮಂಡ್ಯದ ಟ್ರ್ಯಾಕ್ಟರ್

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ರಾಜ್ಯ ಸರ್ಕಾರ 2025ರಲ್ಲಿ ಮೂರು ಜಾಗ ಮುಂದಿಟ್ಟಿತು. ಎರಡು ಕನಕಪುರ ರಸ್ತೆಯಲ್ಲಿ, ಒಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ. ಕನಕಪುರ ದಾಟಿದರೆ ಮಳವಳ್ಳಿ, ಅಲ್ಲಿಂದ ಮದ್ದೂರಿಗೆ ಇನ್ನೊಂದು ರಸ್ತೆ. ನಿಲ್ದಾಣ ಇತ್ತ ಬಂದರೆ ಈ ರಸ್ತೆಗಳ ಅಗಲ, ಭೂಸ್ವಾಧೀನ, ಅಂಡರ್‌ಪಾಸ್ ಎಲ್ಲವೂ ಒಂದೇ ಸಂಖ್ಯೆಯ ಮೇಲೆ ನಿಲ್ಲುತ್ತೆ: ದಿನಕ್ಕೆ ಎಷ್ಟು ವಾಹನ? ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಈ ಲೆಕ್ಕ ಪೂರಾ ರಾಜಕೀಯವಾಗಿಯೇ ಕಾಣುತ್ತೆ.

ಪ್ರಯಾಣಿಕರಿಂದ ಕಾರಿಗೆ

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣವನ್ನೇ ಉದಾಹರಣೆಗೆ ತಗೊಳ್ಳಿ. 2024–25ರಲ್ಲಿ ಅಲ್ಲಿ 4 ಕೋಟಿಗೂ ಹೆಚ್ಚು ಪ್ರಯಾಣಿಕರು, ಅಂದರೆ ದಿನಕ್ಕೆ ಸುಮಾರು 1.1 ಲಕ್ಷ. ಅಲ್ಲೇ ಇಳಿದು ಇನ್ನೊಂದು ವಿಮಾನ ಹತ್ತುವವರನ್ನು ಕಳೆಯಬೇಕು, ಅವರು ರಸ್ತೆಗೆ ಬರೋದೇ ಇಲ್ಲ. ಉಳಿದವರಲ್ಲಿ 70 ಸಾವಿರ ಮಂದಿ ಕಾರು, ಟ್ಯಾಕ್ಸಿ ಹಿಡಿಯುತ್ತಾರೆ ಅಂತ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಕಾರಿಗೆ ಸರಾಸರಿ 2 ಮಂದಿ ಅಂದರೆ 35 ಸಾವಿರ ಕಾರು. 1.5 ಅಂದರೆ ಸುಮಾರು 47 ಸಾವಿರ. ಅರ್ಧ ಮನುಷ್ಯನ ವ್ಯತ್ಯಾಸಕ್ಕೆ 12 ಸಾವಿರ ಕಾರು! ಇದಕ್ಕೆ ಖಾಲಿ ವಾಪಸಾಗೋ ಟ್ಯಾಕ್ಸಿ, ಬಿಟ್ಟುಬರೋಕೆ ಹೋದವರು, ನೌಕರರು, ಸರಕು ಲಾರಿಗಳನ್ನು ಸೇರಿಸಬೇಕು. ಯಾವ ದಿಕ್ಕಿನಿಂದ ಎಷ್ಟು ಮಂದಿ ಅನ್ನೋದನ್ನು ಪ್ರಯಾಣಿಕರನ್ನು ಕೇಳಿಯೇ ತಿಳಿಯಬೇಕು.

ಈಗಾಗಲೇ ಇರುವ ಸಂಚಾರ

ಬರುವ ಕಾರುಗಳನ್ನು ಈಗ ಓಡಾಡುತ್ತಿರುವ ವಾಹನಗಳ ಜೊತೆ ಕೂಡುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಊರಾಚೆಯ ರಸ್ತೆಗಳಲ್ಲಿ ವರ್ಷಕ್ಕೆ ಎರಡು ಸಲ, ಸತತ 7 ದಿನ, 24 ಗಂಟೆ ಎಣಿಸಬೇಕು. ಅದರಲ್ಲಿ ಒಂದು ಎಣಿಕೆ ಸುಗ್ಗಿಯಲ್ಲೇ ಆಗಬೇಕು. ಕಾರಿಗೆ 1 ಅಂಕವಾದರೆ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗೆ 4.5, ಎತ್ತಿನಗಾಡಿಗೆ 8.

ಮಂಡ್ಯ ಜಿಲ್ಲೆ ಲೆಕ್ಕದಿಂದ ಜಾರೋದು ಇಲ್ಲೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗೆ ಪ್ರವೇಶ ಇಲ್ಲ. ಅವೆಲ್ಲ ಸರ್ವಿಸ್ ರಸ್ತೆಗೆ ಹೋದವು. ಟೋಲ್ ಗೇಟ್‌ಗಳು ಇರೋದು ಬೆಂಗಳೂರು–ರಾಮನಗರದ ಕಡೆ ಮತ್ತು ಶ್ರೀರಂಗಪಟ್ಟಣದ ಗಣಂಗೂರಿನಲ್ಲಿ. ಮದ್ದೂರಿನಿಂದ ಮಂಡ್ಯಕ್ಕೆ ಹೋಗುವ ಕಾರಿಗೆ ನಡುವೆ ಟೋಲೇ ಸಿಗಲ್ಲ. ಫಾಸ್ಟ್‌ಟ್ಯಾಗ್ ಅಂಕಿಗಳನ್ನಷ್ಟೇ ನಂಬಿದರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರೂ ಇಲ್ಲ, ಸಂತೆಗೆ ಹೋಗುವ ಬೈಕೂ ಇಲ್ಲ. ಲೆಕ್ಕದಲ್ಲಿ ಇಲ್ಲದವರಿಗೆ ಅಂಡರ್‌ಪಾಸ್ ಯಾರು ಕಟ್ಟುತ್ತಾರೆ?

ನಾವು ಕೇಳಬೇಕಾದ್ದು

2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಹೊಸ ವಿಮಾನ ನಿಲ್ದಾಣಕ್ಕೆ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಅಂಥ ಸಭೆ ನಡೆದ ದಿನ ನಾಲ್ಕು ಪ್ರಶ್ನೆ ಕೇಳಿ. ಕಾರಿಗೆ ಎಷ್ಟು ಮಂದಿ ಅಂತ ಹಿಡಿದಿದ್ದೀರಿ? ಖಾಲಿ ವಾಪಸಾಗೋ ಟ್ಯಾಕ್ಸಿ ಸೇರಿದೆಯಾ? ಬಸ್ಸು, ರೈಲಿಗೆ ಎಷ್ಟು ಪಾಲು ಕೊಟ್ಟಿದ್ದೀರಿ? ಸರ್ವಿಸ್ ರಸ್ತೆಯಲ್ಲಿ ಸುಗ್ಗಿ ಹೊತ್ತಲ್ಲಿ ನಿಂತು ಎಣಿಸಿದ್ದೀರಾ?

ಉತ್ತರವನ್ನು ಬರವಣಿಗೆಯಲ್ಲೇ ಕೇಳಿ. ರಸ್ತೆ ಆದಮೇಲೆ ಊಹೆ ತಿದ್ದಬಹುದು, ಹೋದ ಜಮೀನು ವಾಪಸ್ ಬರಲ್ಲ.