ಡ್ಯಾನ್ಯೂಬ್ ಕಥೆಗಳು, ಭಾಗ 4: ಮುಳುಗಿದ ದ್ವೀಪ

ಮೊದಲ ಫೋಟೋದಲ್ಲಿರೋ ಕಲ್ಲಿನ ಮುಖ ನೋಡಿದ್ರಾ? ಡೇಶಿಯಾದ ದೊರೆ ಡೆಸೆಬಲಸ್. ಎತ್ತರ 40 ಮೀಟರ್‌ಗೂ ಜಾಸ್ತಿ. ಪುರಾತನ ಅಂದ್ಕೋಬೇಡಿ, ಕೆತ್ತನೆ ಮುಗಿದಿದ್ದೇ 2004ರಲ್ಲಿ!

ಜಾಗದ ಹೆಸರು ಐರನ್ ಗೇಟ್ಸ್, ಅಂದ್ರೆ ಕಬ್ಬಿಣದ ಬಾಗಿಲು. ಒಂದು ದಡ ರೊಮೇನಿಯಾ, ಇನ್ನೊಂದು ಸರ್ಬಿಯಾ. ಇಲ್ಲಿನ ಕಜಾನ್ ಕಮರಿಯಲ್ಲಿ ಡ್ಯಾನ್ಯೂಬ್ ಸುಮಾರು 150 ಮೀಟರ್ ಅಗಲಕ್ಕೆ ಕುಗ್ಗುತ್ತೆ.

ನಿಜವಾಗಿ ಹಳೇದು ಎರಡನೇ ಫೋಟೋದಲ್ಲಿದೆ. ಡೆಸೆಬಲಸ್‌ನನ್ನು ಸೋಲಿಸಿದ ರೋಮನ್ ಚಕ್ರವರ್ತಿ ಟ್ರಾಜನ್‌ನ ಶಾಸನ, ಸುಮಾರು 1,900 ವರ್ಷ ಹಿಂದಿನದು. ಬಂಡೆಗೆ ತೂತು ಕೊರೆದು, ಮರದ ತೊಲೆ ಸಿಕ್ಕಿಸಿ, ನೀರಿನ ಮೇಲೆ ಚಾಚಿದಂತೆ ಅವನ ಜನ ಇಲ್ಲಿ ರಸ್ತೆ ಮಾಡಿದ್ರು. ಆ ರಸ್ತೆ ಈಗ ನೀರಿನಡಿ ಇದೆ.

ಯಾಕೆ ಗೊತ್ತಾ? 1964ರಿಂದ 1972ರವರೆಗೆ ರೊಮೇನಿಯಾ ಮತ್ತು ಯುಗೊಸ್ಲಾವಿಯಾ ಸೇರಿ ಇಲ್ಲಿ ದೊಡ್ಡ ಅಣೆಕಟ್ಟು ಕಟ್ಟಿದವು. ನೀರು ಏರುವ ಮೊದಲು ಶಾಸನವನ್ನು ಬಂಡೆ ಸಮೇತ ಕೊರೆದು ಮೇಲಕ್ಕೆ ಇಟ್ರು. ಅದು ಉಳಿಯಿತು.

ಈಗ ಕೊನೆಯ ಫೋಟೋಗೆ ಬನ್ನಿ. ಬರೀ ನೀರು, ಅಲ್ವಾ? ಅಲ್ಲಿ ಅದಾ ಕಲೆ ಅನ್ನೋ ದ್ವೀಪ ಇತ್ತು. ಹೆಸರಿನ ಅರ್ಥವೇ 'ದ್ವೀಪ ಕೋಟೆ'. ಉದ್ದ ಎರಡು ಕಿಲೋಮೀಟರ್ ಕೂಡ ಇಲ್ಲ. ಆಸ್ಟ್ರಿಯನ್ನರು ಮತ್ತು ಒಟ್ಟೋಮನ್ನರು ಇದಕ್ಕಾಗಿ ಕಾದಾಡಿದ್ರು. ತಮಾಷೆ ಏನಂದ್ರೆ, 1878ರ ಬರ್ಲಿನ್ ಒಪ್ಪಂದದಲ್ಲಿ ಈ ದ್ವೀಪದ ಹೆಸರು ಬರೆಯೋದನ್ನೇ ಮರೆತರು! ಹಾಗಾಗಿ ಕಾಗದದ ಮೇಲೆ ಸುಲ್ತಾನನ ಆಸ್ತಿ, ಕಾವಲಿಗೆ ಆಸ್ಟ್ರಿಯಾ-ಹಂಗೇರಿಯ ಸೈನಿಕರು. ದ್ವೀಪದ ತುರ್ಕರಿಗೆ ತೆರಿಗೆ ಇಲ್ಲ, ಸುಂಕ ಇಲ್ಲ. ಬಿಕಾಂ ಓದೋ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದೇ ಇದು 😄 ಕೊನೆಗೆ 1923ರ ಲೌಸಾನ್ ಒಪ್ಪಂದದಲ್ಲಿ ದ್ವೀಪ ರೊಮೇನಿಯಾಗೆ ಸೇರಿತು.

ಜನ ದೋಣಿ ಹತ್ತಿ ಇಲ್ಲಿಗೆ ಬರ್ತಿದ್ದಿದ್ದು ಟರ್ಕಿಶ್ ಕಾಫಿ, ತಂಬಾಕು, ಗುಲಾಬಿ ಜಾಮ್‌ಗಾಗಿ. ಮಸೀದಿಯಲ್ಲಿ ಸುಲ್ತಾನ ಅಬ್ದುಲ್ ಹಮೀದ್ ಕೊಟ್ಟ ದೊಡ್ಡ ರತ್ನಗಂಬಳಿ ಇತ್ತು. ಅಣೆಕಟ್ಟು ಬಂದಾಗ ಗಂಬಳಿ ಕಾನ್‌ಸ್ಟಾಂಟ್ಸಾದ ಮಸೀದಿಗೆ ಹೋಯ್ತು, ಕೋಟೆಯ ಒಂದಷ್ಟು ಭಾಗ ಕೆಳಗಿನ ಶಿಮಿಯಾನ್ ದ್ವೀಪಕ್ಕೆ ಹೋಯ್ತು. ಊರನ್ನೂ ಶಿಮಿಯಾನ್‌ನಲ್ಲೇ ಮತ್ತೆ ಕಟ್ಟೋ ಯೋಜನೆ ಇತ್ತು. ಆಗಲಿಲ್ಲ. ಕೆಲವರು ಟರ್ಕಿಗೆ, ಕೆಲವರು ಕಾನ್‌ಸ್ಟಾಂಟ್ಸಾಗೆ, ಹೀಗೆ ದಿಕ್ಕಿಗೊಬ್ಬರಾದರು.

ಅಣೆಕಟ್ಟು ಕಟ್ಟಲೇಬಾರದಿತ್ತು ಅಂತ ನಾನು ಹೇಳ್ತಿಲ್ಲ. ಎರಡು ದೇಶಗಳಿಗೆ ಕರೆಂಟ್ ಬಂತು, ಹಡಗುಗಳಿಗೆ ಬಂಡೆಗಳ ಭಯ ತಪ್ಪಿತು. ಆದ್ರೆ ಅಕೌಂಟ್ಸ್‌ನಲ್ಲಿ ಜಮಾ ಬರೆದ ಮೇಲೆ ಖರ್ಚಿನ ಕಡೆಯನ್ನೂ ಬರೀಬೇಕು ತಾನೇ? ಆ ಕಡೆ ಒಂದು ಇಡೀ ಊರಿದೆ. ಇವತ್ತು ದೋಣಿಯಲ್ಲಿ ಬರೋರೆಲ್ಲ ಡೆಸೆಬಲಸ್ ಮುಖದ ಫೋಟೋ ತೆಗೀತಾರೆ. ನೀವು ಹೋದ್ರೆ, ಆ ಖಾಲಿ ನೀರಿನದೂ ಒಂದು ತೆಗೀರಿ.

ಮುಂದಿನ ಭಾಗ: ಡ್ಯಾನ್ಯೂಬ್ ಕಪ್ಪು ಸಮುದ್ರ ಸೇರೋ ಜಾಗ.

#ಡ್ಯಾನ್ಯೂಬ್‌ಕಥೆಗಳು #ಇತಿಹಾಸ #ಅದಾಕಲೆ