ಫೇಡರ್‌ಗೆ ಹೆಸರಿಡುವ ಮೊದಲು: ಸಣ್ಣ ರಂಗಮಂದಿರದ ಬೆಳಕಿನ ಬೋರ್ಡು ಮತ್ತು ಸ್ವಯಂಸೇವಕ ನಿರ್ವಾಹಕರು

ಹವ್ಯಾಸಿ ರಂಗಭೂಮಿಯಲ್ಲಿ ಬೆಳಕನ್ನು ವಿನ್ಯಾಸ ಮಾಡುವವರೊಬ್ಬರು, ಪ್ರದರ್ಶನದ ಸಂಜೆ ಬೋರ್ಡಿನ ಮುಂದೆ ಕೂರುವವರು ಮತ್ತೊಬ್ಬರು. ನಾಟಕಕ್ಕಷ್ಟೇ ಅಲ್ಲದೆ ಶಾಲಾ ವಾರ್ಷಿಕೋತ್ಸವ, ಸನ್ಮಾನ ಸಮಾರಂಭ, ನೃತ್ಯ ಪ್ರದರ್ಶನಗಳಿಗೂ ಒದಗುವ ಸಣ್ಣ ರಂಗಮಂದಿರದಲ್ಲಿ ಈ ಅಂತರ ಇನ್ನೂ ಹೆಚ್ಚು. ಅಂದು ಬಿಡುವಿದ್ದವರು ಬೋರ್ಡು ನೋಡಿಕೊಳ್ಳುತ್ತಾರೆ. ಇವರ ಅನುಕೂಲಕ್ಕೆಂದು, ಬೆಳಕನ್ನು ಏರಿಳಿಸುವ ಫೇಡರ್‌ಗಳ ಕೆಳಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಮಾರ್ಕರಿನಲ್ಲಿ ಹೆಸರು ಬರೆಯುವುದು ವಾಡಿಕೆ. ದೀಪ ಕಟ್ಟಿ, ಕೇಬಲ್ ಎಳೆದು, ಪ್ರತಿ ದೀಪಕ್ಕೂ ಬೋರ್ಡಿನ ಚಾನೆಲ್ ಸಂಖ್ಯೆಯನ್ನು ವಿಳಾಸವಾಗಿ ಕೊಟ್ಟು ಮುಗಿದ ಮೇಲೆ ಉಳಿಯುವ ಕೊನೆಯ ಕೆಲಸ ಇದು ಎಂಬುದು ಸಾಮಾನ್ಯ ತಿಳಿವಳಿಕೆ. ಈ ಲೇಖನದ ವಾದ ಅದಕ್ಕೆ ವಿರುದ್ಧವಾದದ್ದು: ಹೆಸರುಪಟ್ಟಿ ವ್ಯವಸ್ಥೆಯ ಮೇಲೆ ಅಂಟಿಸುವ ವಿವರಣೆಯಲ್ಲ, ವ್ಯವಸ್ಥೆ ಸರಿಯಿದೆಯೇ ಎಂಬುದರ ಪರೀಕ್ಷೆ. ಒಂದು ಫೇಡರ್‌ಗೆ ಎಲ್ಲ ಹೊತ್ತಿನಲ್ಲೂ ನಿಜವಾಗಿರುವ ಹೆಸರನ್ನು ಎರಡು ಪದಗಳಲ್ಲಿ ಬರೆಯಲಾಗದಿದ್ದರೆ ತಪ್ಪಿರುವುದು ಚೀಟಿಯಲ್ಲಲ್ಲ, ದೀಪಗಳಿಗೆ ವಿಳಾಸ ಹಂಚಿದ ಕ್ರಮದಲ್ಲಿ.

ತೊಡಕಿನ ಮೂಲ ಬೋರ್ಡಿಗೂ ದೀಪಕ್ಕೂ ನಡುವಿನ ಒಪ್ಪಂದದಲ್ಲೇ ಇದೆ. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯಾದ ಯುಎಸ್‌ಐಟಿಟಿ 1986ರಲ್ಲಿ ರೂಪಿಸಿದ ಡಿಎಂಎಕ್ಸ್512 ಮಾನಕದ ಪ್ರಕಾರ ಒಂದು ಕೇಬಲ್ಲಿನಲ್ಲಿ 512 ಚಾನೆಲ್‌ಗಳು ಹರಿಯುತ್ತವೆ; ಪ್ರತಿಯೊಂದೂ 0ರಿಂದ 255ರವರೆಗಿನ ಒಂದು ಸಂಖ್ಯೆಯನ್ನು ಒಯ್ಯುತ್ತದೆ. ಆ ಸಂಖ್ಯೆ ಬಂದಾಗ ದೀಪ ಏನು ಮಾಡಬೇಕೆಂಬುದು ತಯಾರಕರಿಗೆ ಬಿಟ್ಟ ವಿಷಯ. ಹ್ಯಾಲೋಜನ್ ಪಾರ್ ಮತ್ತು ಡಿಮ್ಮರ್ ಪ್ಯಾಕ್‌ಗಳ ಕಾಲದಲ್ಲಿ ಇದರಿಂದ ಬಾಧಕವಿರಲಿಲ್ಲ. ಒಂದು ಫೇಡರ್ ಏರಿಸಿದರೆ ಒಂದು ಡಿಮ್ಮರ್ ಏರುತ್ತಿತ್ತು. ಎಲ್‌ಇಡಿ ಪಾರ್ ಬಂದ ಮೇಲೆ ಒಂದೇ ದೀಪಕ್ಕೆ ಏಳು ಚಾನೆಲ್ ಬೇಕಾಗಬಹುದು. ಒಂದು ಮಾದರಿಯಲ್ಲಿ ಮೊದಲ ಚಾನೆಲ್ ಡಿಮ್ಮರ್ ಆದರೆ ಇನ್ನೊಂದರಲ್ಲಿ ಕೆಂಪು. ಕಡಿಮೆ ಬೆಲೆಗೆ ಸಿಗುವ 192 ಚಾನೆಲ್ಲಿನ ಬೋರ್ಡಿನಲ್ಲಿ ಇದರ ಪರಿಣಾಮ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಹನ್ನೆರಡು ದೀಪಗಳಿಗೆ ಹನ್ನೆರಡು ಗುಂಡಿ, ಒಂದೊಂದಕ್ಕೂ ಹದಿನಾರು ಚಾನೆಲ್. ಆದರೆ ಫೇಡರ್‌ಗಳು ಎಂಟೇ, ಪುಟ ಬದಲಿಸಿದರೆ ಅವೇ ಎಂಟು 9ರಿಂದ 16ನೆಯ ಚಾನೆಲ್‌ಗಳಾಗುತ್ತವೆ. ಮೊದಲ ಫೇಡರ್ ಒಂದು ದೀಪವನ್ನು ಆಯ್ಕೆ ಮಾಡಿದಾಗ ಡಿಮ್ಮರ್, ಇನ್ನೊಂದನ್ನು ಆಯ್ಕೆ ಮಾಡಿದಾಗ ಕೆಂಪು ಎಂದಾದರೆ ಅದರ ಕೆಳಗೆ ಏನು ಬರೆದರೂ ಅರ್ಧ ಸುಳ್ಳೇ. ಒಂದೇ ಚಾನೆಲ್ ಕ್ರಮದ ದೀಪಗಳನ್ನು ಮಾತ್ರ ಈ ಬೋರ್ಡಿಗೆ ಕೊಡುವುದು, ಇಲ್ಲವೇ ಮೆನುವಿನಲ್ಲಿ ಎಲ್ಲವನ್ನೂ ಹೊಂದುವ ಮೋಡ್‌ಗೆ ತರುವುದು ಟೇಪ್ ಹರಿಯುವ ಮೊದಲು ಆಗಬೇಕಾದ ಕೆಲಸ.

ಮೋಡ್ ಆಯ್ಕೆಯ ಪ್ರಶ್ನೆ ಇಲ್ಲಿಗೇ ನಿಲ್ಲದು. ಹಲವು ದೀಪಗಳ ಏಳು ಚಾನೆಲ್ ಮೋಡಿನಲ್ಲಿ ಡಿಮ್ಮರ್ ಮತ್ತು ನಾಲ್ಕು ಬಣ್ಣಗಳ ಜೊತೆ ಸ್ಟ್ರೋಬ್ ಮತ್ತು ಮ್ಯಾಕ್ರೋ ಇರುತ್ತವೆ. ಮ್ಯಾಕ್ರೋ ಫೇಡರ್ ಸ್ವಲ್ಪ ಮೇಲೆ ಉಳಿದರೂ ಎಷ್ಟೋ ದೀಪಗಳು ಬಣ್ಣದ ಫೇಡರ್‌ಗಳಿಗೆ ಓಗೊಡುವುದನ್ನು ಬಿಟ್ಟು ತಮ್ಮದೇ ಬಣ್ಣ ತಿರುಗಿಸತೊಡಗುತ್ತವೆ. ಡಿಮ್ಮರ್ ಸೊನ್ನೆಯಲ್ಲಿದ್ದರೆ ಕೆಂಪನ್ನು ಪೂರ್ತಿ ಏರಿಸಿದರೂ ಏನೂ ಕಾಣದು. ಎರಡೂ ಸಂದರ್ಭಗಳಲ್ಲಿ ಹೊಸಬರು ದೀಪ ಕೆಟ್ಟಿದೆ ಎಂದೇ ತಿಳಿಯುತ್ತಾರೆ. ‘ಮ್ಯಾಕ್ರೋ’ ಎಂದು ಅಚ್ಚುಕಟ್ಟಾಗಿ ಬರೆದ ಚೀಟಿ ಅಲ್ಲಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅದು ಚಾನೆಲ್ಲಿನ ಹೆಸರು, ಪರಿಣಾಮದ ಹೆಸರಲ್ಲ. ದೀಪವನ್ನು ನಾಲ್ಕು ಚಾನೆಲ್ ಮೋಡ್‌ಗೆ ತಂದರೆ ಡಿಮ್ಮರ್, ಮ್ಯಾಕ್ರೋ ಫೇಡರ್‌ಗಳೇ ಇಲ್ಲವಾಗುತ್ತವೆ. ಇದಕ್ಕೆ ಬೆಲೆಯೂ ಉಂಟು: ಪ್ರತ್ಯೇಕ ಡಿಮ್ಮರ್ ಇಲ್ಲದೆ ಬಣ್ಣಗಳನ್ನು ಕೈಯಿಂದ ಇಳಿಸುವಾಗ ಅವು ಒಂದೇ ಪ್ರಮಾಣದಲ್ಲಿ ಇಳಿಯದೆ ಛಾಯೆ ಬದಲಾಗುತ್ತದೆ. ಸನ್ಮಾನ ಸಮಾರಂಭಕ್ಕೆ ಅದು ನಡೆದೀತು. ನಿಧಾನವಾಗಿ ಕತ್ತಲಾಗಬೇಕಾದ ನಾಟಕದ ದೃಶ್ಯಕ್ಕೆ ನಡೆಯದು. ಅಂಥಲ್ಲಿ ಏಳು ಚಾನೆಲ್ ಉಳಿಸಿಕೊಂಡು, ಬೇಡದ ಸ್ಟ್ರೋಬ್, ಮ್ಯಾಕ್ರೋ ಫೇಡರ್‌ಗಳನ್ನು ಕೆಳಗಿಳಿಸಿ ಟೇಪ್ ಹಾಕಿ ಮುಚ್ಚುವುದೇ ಸರಿ.

ಇನ್ನು ಹೆಸರಿನಲ್ಲಿ ಏನಿರಬೇಕು? ಯೇಲ್‌ನ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ 1932ರ ತಮ್ಮ ಪುಸ್ತಕದಲ್ಲಿ ಅಭಿನಯದ ಜಾಗವನ್ನು ಭಾಗಗಳಾಗಿ ಒಡೆದು, ಒಂದೊಂದು ಭಾಗಕ್ಕೂ ಎರಡು ದಿಕ್ಕಿನಿಂದ ಬೆಳಕು ಕೊಡುವ ಪದ್ಧತಿಯನ್ನು ವಿವರಿಸಿದರು. ಆ ಪದ್ಧತಿಯನ್ನು ಅನುಸರಿಸಲಿ ಬಿಡಲಿ, ವೇದಿಕೆಯನ್ನು ಜಾಗಗಳಾಗಿ ಕಾಣುವ ಅದರ ದೃಷ್ಟಿ ನಿರ್ವಾಹಕರಿಗೆ ಬೇಕಾದದ್ದೇ. ಅವರಿಗೆ ಬರುವ ಸೂಚನೆಯೂ ‘ಮುಂದೆ ಕತ್ತಲು’, ‘ಭಾಷಣಕಾರರ ಮೇಲೆ ಬೆಳಕು’ ಎಂಬ ರೀತಿಯದು. ಆದ್ದರಿಂದ ‘ಪಾರ್ 3’ ಎನ್ನುವುದಕ್ಕಿಂತ ‘ಮುಂದೆ ನಡು’ ಉತ್ತಮ. ಹೆಸರಿನಷ್ಟೇ ಮುಖ್ಯ ಫೇಡರ್ ಕೂತ ಜಾಗ. ಸಂಶೋಧಕರಾದ ಚಪಾನಿಸ್ ಮತ್ತು ಲಿಂಡೆನ್‌ಬಾಮ್ 1959ರಲ್ಲಿ ನಾಲ್ಕು ಬರ್ನರಿನ ಒಲೆಗಳನ್ನು ಪರೀಕ್ಷಿಸಿದಾಗ, ಬರ್ನರ್‌ಗಳಿದ್ದ ಕ್ರಮದಲ್ಲೇ ಗುಂಡಿಗಳೂ ಸಾಲಾಗಿ ಕಾಣುವಂತಿದ್ದ ವಿನ್ಯಾಸವೇ ಉಳಿದವುಗಳಿಗಿಂತ ಮೇಲೆನಿಸಿತು. ಬೋರ್ಡಿನಲ್ಲೂ ಎಡದ ಫೇಡರ್ ನಿರ್ವಾಹಕರ ಕಣ್ಣಿಗೆ ಎಡವಾಗಿ ಕಾಣುವ ಜಾಗವನ್ನೇ ಬೆಳಗಬೇಕು. ಆದರೆ ನಟರ ಬಲಗೈ ಕಡೆ ಸಭಾಂಗಣದ ಹಿಂದೆ ಕೂತವರಿಗೆ ಎಡ. ನಿರ್ದೇಶಕರ ಸೂಚನೆ ನಟರ ಲೆಕ್ಕದಲ್ಲಿ ಬಂದರೆ ಗೊಂದಲ ಖಚಿತ. ಹಾಗಾಗಿ ಚೀಟಿಯಲ್ಲಿ ಎಡಬಲಗಳನ್ನೇ ಬಿಟ್ಟು ‘ಗ್ರೀನ್‌ರೂಮ್ ಕಡೆ’, ‘ರಸ್ತೆ ಕಡೆ’ ಎಂದು ಬರೆಯಬೇಕು. ಅವು ಯಾರು ಎತ್ತ ತಿರುಗಿ ನಿಂತರೂ ಬದಲಾಗವು.

ಬಣ್ಣದ ಟೇಪನ್ನು ಎಚ್ಚರದಿಂದ ಬಳಸಬೇಕು. ಪದ ಹೇಳುವ ಬಣ್ಣವೊಂದು, ಶಾಯಿಯ ಬಣ್ಣವೊಂದು ಆದಾಗ ಶಾಯಿಯ ಬಣ್ಣವನ್ನು ಹೆಸರಿಸಲು ಹೆಚ್ಚು ಹೊತ್ತು ಹಿಡಿಯುತ್ತದೆಂದು ಮನೋವಿಜ್ಞಾನಿ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲೇ ತೋರಿಸಿದ್ದರು. ಹಸಿರು ಟೇಪಿನ ಮೇಲೆ ‘ಕೆಂಪು’ ಎಂದು ಬರೆಯುವುದು ಇದೇ ತೊಡಕನ್ನು ಆಹ್ವಾನಿಸುತ್ತದೆ. ಮೇಲಾಗಿ ಕಂಟ್ರೋಲ್ ರೂಮಿನ ನೀಲಿ ದೀಪದಡಿ ಕೆಂಪು ಟೇಪು ಹೆಚ್ಚುಕಡಿಮೆ ಕಪ್ಪಾಗಿಯೇ ಕಾಣುತ್ತದೆ. ಬಿಳಿ ಟೇಪು, ದಪ್ಪ ಕಪ್ಪು ಅಕ್ಷರ ಎಲ್ಲಕ್ಕೂ ಸಾಕು.

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ವೃತ್ತಿಪರರು ಸಂಖ್ಯೆಗಳಲ್ಲೇ ಮಾತಾಡುತ್ತಾರೆ, ಸಂಖ್ಯೆ ಚಿಕ್ಕದು, ಸ್ಪಷ್ಟ ಎಂಬುದು ಮೊದಲನೆಯದು. ಅದು ನಿಜವೇ, ಆದರೆ ಸಂಖ್ಯೆ ಅರ್ಥವಾಗುವುದು ದೀಪಗಳ ನಕ್ಷೆ ತಲೆಯಲ್ಲಿರುವವರಿಗೆ. ಚೀಟಿಯ ಮೂಲೆಯಲ್ಲಿ ಸಂಖ್ಯೆ ಸಣ್ಣದಾಗಿರಲಿ, ಅದೇ ಸಂಖ್ಯೆ ದೀಪದ ಮೈಮೇಲೂ ಇರಲಿ. ರಿಪೇರಿಗೆ ಅಷ್ಟು ಸಾಕು. ಎರಡನೆಯದು, ಬೆಳಕು ಬದಲಾಗುವ ಎಲ್ಲ ಕ್ಯೂಗಳನ್ನೂ ಬೋರ್ಡಿಗೆ ಮೊದಲೇ ತುಂಬಿಸಿ ಒಂದೇ ಗುಂಡಿ ಒತ್ತಿಸಿದರೆ ಚೀಟಿಯೇ ಬೇಡವೆಂಬುದು. ನಟರು ಎರಡು ಪುಟದ ಮಾತನ್ನು ಹಾರಿಸಿದಾಗ, ಕಾರ್ಯಕ್ರಮ ಪಟ್ಟಿಯಲ್ಲಿಲ್ಲದ ಅತಿಥಿ ವೇದಿಕೆ ಏರಿದಾಗ ಕ್ಯೂ ಪಟ್ಟಿ ಕೈಕೊಡುತ್ತದೆ, ಹೊಸಬರಿಗೆ ಬೆಳಕು ತುರ್ತಾಗಿ ಬೇಕಾಗುವುದೂ ಆಗಲೇ. ಮೂರನೆಯದು ಹೆಚ್ಚು ಗಟ್ಟಿಯಾದದ್ದು: 1985ರಲ್ಲಿ ಆರಂಭವಾದ ನೀನಾಸಂ ತಿರುಗಾಟದಂಥ ಸಂಚಾರಿ ತಂಡ ಊರೂರಿನ ವೇದಿಕೆಗಳಿಗೆ ಹೊಂದಿಕೊಳ್ಳಬೇಕು, ಜಾಗದ ಹೆಸರು ಅಲ್ಲಿ ಪ್ರತಿದಿನ ಸುಳ್ಳಾಗುವುದಿಲ್ಲವೇ? ಅಂಥ ತಂಡಕ್ಕೆ ನಾಟಕವನ್ನು ಬಲ್ಲ ನಿರ್ವಾಹಕರು ಜೊತೆಗಿರುವುದರಿಂದ ಈ ವಾದ ಅವರಿಗೆ ಅಷ್ಟಾಗಿ ಅನ್ವಯಿಸದು. ಸ್ಥಿರವಾಗಿ ದೀಪ ಕಟ್ಟಿದ ಸಣ್ಣ ರಂಗಮಂದಿರವೇ ಇದರ ಎಲ್ಲೆ.

ಆ ಎಲ್ಲೆಯೊಳಗೆ ಇದನ್ನು ಪರೀಕ್ಷಿಸುವುದೂ ಸುಲಭ. ಬೋರ್ಡನ್ನು ಹಿಂದೆಂದೂ ಮುಟ್ಟದವರನ್ನು ಕೂರಿಸಿ, ಏನನ್ನೂ ವಿವರಿಸದೆ, ‘ಗ್ರೀನ್‌ರೂಮ್ ಕಡೆ ಬೆಳಕು ಇಳಿಸಿ’ ಎಂಬಂಥ ಕೆಲವು ಸೂಚನೆ ಕೊಟ್ಟು ಕೈ ಮೊದಲು ಯಾವ ಫೇಡರಿಗೆ ಹೋಗುತ್ತದೆಂದು ನೋಡಬೇಕು. ಕೈ ತಪ್ಪಿದ ಕಡೆ ಚೀಟಿಯನ್ನು ಉದ್ದ ಮಾಡುವ ಬದಲು ವಿಳಾಸ, ಮೋಡ್, ಫೇಡರಿನ ಜಾಗ ಇವುಗಳಲ್ಲಿ ಒಂದನ್ನು ಬದಲಿಸಬೇಕು. ತರಬೇತಿ ಬೇಡವೆಂದು ಇದರ ಅರ್ಥವಲ್ಲ. ಯಾವ ಫೇಡರ್ ಎಲ್ಲಿದೆ ಎಂದು ಕಲಿಸುವುದರಲ್ಲೇ ಕಳೆಯುವ ಹೊತ್ತು, ಬೆಳಕನ್ನು ಯಾವಾಗ, ಎಷ್ಟು ನಿಧಾನವಾಗಿ ಇಳಿಸಬೇಕೆಂದು ಕಲಿಸಲು ಉಳಿಯುತ್ತದೆ.