ಒಥೆಲೋ ವೇಷ ಕಟ್ಟಿದವರು

ಷೇಕ್ಸ್‌ಪಿಯರನ ‘ಒಥೆಲೋ’ ನಾಟಕದ ನಾಯಕ ವೆನಿಸ್ ನಗರದ ಸೇನಾಪತಿ, ಕಪ್ಪು ಮೈಬಣ್ಣದ ‘ಮೂರ್’, ಅಂದರೆ ಆಫ್ರಿಕ ಮೂಲದವನು. 1604ರ ನವೆಂಬರ್ 1ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ಈ ನಾಟಕವಾಡಿದ ದಾಖಲೆಯಿದೆ. ಆಗ ಒಥೆಲೋ ಆಗಿ ಹೆಸರಾದವನು ರಿಚರ್ಡ್ ಬರ್ಬೇಜ್ ಎಂಬ ಬಿಳಿಯ ನಟ. ಒಥೆಲೋನ ಬಿಳಿಯ ಹೆಂಡತಿ, ನಾಯಕಿ ಡೆಸ್ಡಿಮೋನಳ ಪಾತ್ರವೂ ಹುಡುಗರದ್ದೇ ಆಗಿತ್ತು. 1660ರಲ್ಲಿ ಇಂಗ್ಲೆಂಡಿನ ವೃತ್ತಿರಂಗಭೂಮಿಗೆ ಹೆಂಗಸರು ಬಂದಾಗ ಅವರು ಮೊದಲು ವಹಿಸಿದ ಪಾತ್ರಗಳಲ್ಲಿ ಡೆಸ್ಡಿಮೋನಳದೂ ಒಂದು. ಕಪ್ಪು ನಟನೊಬ್ಬ ಲಂಡನ್ನಿನಲ್ಲಿ ಒಥೆಲೋ ಆಗಲು ಅಲ್ಲಿಂದಾಚೆಗೆ ಇನ್ನೂ 165 ವರ್ಷ ಹಿಡಿಯಿತು.

ಆ ನಟ ಐರಾ ಆಲ್ಡ್ರಿಜ್. 1807ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಆತ ಅಲ್ಲಿ ಅವಕಾಶ ಸಿಗದೆ ಹಡಗು ಹತ್ತಿ ಇಂಗ್ಲೆಂಡಿಗೆ ಬಂದು, 1825ರಲ್ಲಿ ಲಂಡನ್ನಿನಲ್ಲಿ ಒಥೆಲೋ ಆಗಿ ಕಾಣಿಸಿಕೊಂಡ. 1833ರ ಮಾರ್ಚಿನಲ್ಲಿ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಇದೇ ಪಾತ್ರ ಮಾಡುತ್ತಿದ್ದ ಪ್ರಸಿದ್ಧ ನಟ ಎಡ್ಮಂಡ್ ಕೀನ್ ಆಟದ ನಡುವೆಯೇ ಕುಸಿದು ಬಿದ್ದ. ಮುಂದಿನ ತಿಂಗಳು ಅದೇ ರಂಗದ ಮೇಲೆ ಆಲ್ಡ್ರಿಜ್ ನಿಂತ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ನಿಲ್ಲಿಸುವ ಕಾಯಿದೆಯ ಚರ್ಚೆ ಕಾವೇರಿದ್ದ ಕಾಲವದು. ಪ್ರೇಕ್ಷಕರು ಮೆಚ್ಚಿದರೂ ಕೆಲವು ಪತ್ರಿಕೆಗಳು ಆತನ ಬಣ್ಣವನ್ನೇ ಹಿಡಿದು ಹಳಿದವು. ಎರಡೇ ಪ್ರದರ್ಶನಕ್ಕೆ ಆಟ ನಿಂತಿತು. ಆಲ್ಡ್ರಿಜ್ ಊರೂರು ತಿರುಗಿ, 1852ರ ನಂತರ ಯುರೋಪಿನ ರಾಜಧಾನಿಗಳಲ್ಲಿ ಕೀರ್ತಿ ಗಳಿಸಿದ. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಷೇಕ್ಸ್‌ಪಿಯರನ ಲಿಯರ್, ಶೈಲಾಕ್ ಪಾತ್ರಗಳನ್ನೂ ಮಾಡಿದ. 1867ರಲ್ಲಿ ಪೋಲೆಂಡಿನಲ್ಲಿ ತೀರಿಕೊಂಡ.

ಭಾರತದಲ್ಲಿ ಈ ಬಣ್ಣದ ಗೆರೆ ದಾಟಿದವನು ವೈಷ್ಣವಚರಣ ಆಢ್ಯ ಎಂಬ ಭಾರತೀಯ ನಟ. 1848ರಲ್ಲಿ ಕಲ್ಕತ್ತೆಯಲ್ಲಿ ಯುರೋಪಿಯನ್ನರ ಸಾನ್ ಸೂಸಿ ರಂಗಮಂದಿರದಲ್ಲಿ ಆತ ಬಿಳಿಯ ನಟಿಯ ಎದುರು ಒಥೆಲೋ ಆದ.

ಅಮೆರಿಕದಲ್ಲಿ ತಡೆ ಹೆಚ್ಚು ಕಾಲ ಉಳಿಯಿತು. ಅಲ್ಲಿನ ಕಪ್ಪು ನಟ ಪಾಲ್ ರೋಬ್ಸನ್ 1930ರಲ್ಲಿ ಲಂಡನ್ನಿನಲ್ಲಿ ಪೆಗ್ಗಿ ಆಶ್‌ಕ್ರಾಫ್ಟ್ ಜೊತೆ ಒಥೆಲೋ ಆಗಿದ್ದರೂ, ತಮ್ಮ ದೇಶದ ಬ್ರಾಡ್‌ವೇ ರಂಗಭೂಮಿಯಲ್ಲಿ ಆ ಪಾತ್ರ ಮಾಡಿದ್ದು 1943ರಲ್ಲಿ. ಡೆಸ್ಡಿಮೋನ ಆದವರು ಉಟಾ ಹಾಗೆನ್. ಆ ಪ್ರಯೋಗ 296 ಪ್ರದರ್ಶನ ಕಂಡು ಬ್ರಾಡ್‌ವೇಯಲ್ಲಿ ಷೇಕ್ಸ್‌ಪಿಯರ್ ನಾಟಕಗಳ ದಾಖಲೆ ಬರೆಯಿತು. ಪ್ರವಾಸಕ್ಕೆ ಹೊರಟಾಗ, ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆ ಕೂರಿಸುವ ಸಭಾಂಗಣಗಳಲ್ಲಿ ಆಡುವುದಿಲ್ಲವೆಂದು ತಂಡ ಪಟ್ಟು ಹಿಡಿಯಿತು.

ಇಷ್ಟಾದರೂ ಬಿಳಿಯರು ಮಸಿ ಬಳಿದುಕೊಳ್ಳುವುದು ನಿಲ್ಲಲಿಲ್ಲ. 1964ರಲ್ಲಿ ಲಾರೆನ್ಸ್ ಒಲಿವಿಯೆ ಮೈಗೆಲ್ಲ ಕಪ್ಪು ಬಣ್ಣ ಹಚ್ಚಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಆಡಿದರು; ಮರುವರ್ಷ ಅದು ಚಲನಚಿತ್ರವಾಯಿತು. 1981ರ ಬಿಬಿಸಿ ಟೆಲಿವಿಷನ್ ರೂಪದಲ್ಲೂ ನಾಯಕ ಬಿಳಿಯರಾದ ಆಂಥೊನಿ ಹಾಪ್ಕಿನ್ಸ್. ಆದರೆ ವರ್ಣಭೇದದ ದಕ್ಷಿಣ ಆಫ್ರಿಕದಲ್ಲಿ, ಅಂತರ್ವರ್ಣೀಯ ವಿವಾಹದ ನಿಷೇಧ ರದ್ದಾದ ಎರಡು ವರ್ಷಕ್ಕೆ, 1987ರಲ್ಲಿ, ಜೊಹಾನ್ಸ್‌ಬರ್ಗಿನ ಮಾರ್ಕೆಟ್ ಥಿಯೇಟರಿನಲ್ಲಿ ಕಪ್ಪು ನಟ ಜಾನ್ ಕಾನಿ ಒಥೆಲೋ ಆದರು.

ಆಮೇಲೆ ಪ್ರಶ್ನೆಯ ದಿಕ್ಕು ಬದಲಾಯಿತು. ಕಪ್ಪು ನಾಯಕನನ್ನು ಸುಲಭವಾಗಿ ಕೆರಳುವವನಂತೆ ತೋರುವ ಈ ಪಾತ್ರವನ್ನು ಕಪ್ಪು ನಟರೇ ವಹಿಸಿದರೆ ಹಳೆಯ ಪೂರ್ವಗ್ರಹವೇ ಗಟ್ಟಿಯಾಗದೇ ಎಂದು ಘಾನಾ ಮೂಲದ ಬ್ರಿಟಿಷ್ ನಟ ಹ್ಯೂ ಕ್ವಾರ್ಶಿ ಕೇಳಿದರು. 2015ರಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿಗಾಗಿ ಅವರು ಒಥೆಲೋ ಆದಾಗ, ಒಥೆಲೋನನ್ನು ದ್ವೇಷಿಸುವ ವಂಚಕ ಇಯಾಗೋನ ಪಾತ್ರವನ್ನು ಲೂಸಿಯನ್ ಮ್ಸಾಮತಿ ಎಂಬ ಕಪ್ಪು ನಟರಿಗೇ ಕೊಡಲಾಯಿತು. ಅದರಿಂದ ನಾಟಕದ ದ್ವೇಷ ಕೇವಲ ಬಣ್ಣದ ಲೆಕ್ಕವಾಗಿ ಉಳಿಯಲಿಲ್ಲ. ಕಪ್ಪು ನಟರ ಪಾಲಿಗೆ ಒಂದೇ ಪಾತ್ರವೆಂಬ ಮಿತಿಯೂ ಸಡಿಲಿತು.